ಪೆಟ್ಟಿಗೆ ಕೊಟ್ಟ ನಂಬರು

ಗಂಗಾನಗರದ ಆನಂದಪ್ಪನವರ ಮನೆಯಲ್ಲಿ ನಂಬರಿರುವ ವಸ್ತು ಯಾವುದೇ ಇರಲಿ, ಅದರ ಅಂಕಿಗಳನ್ನು ಕೂಡಿದರೆ ಆರೇ ಬರಬೇಕು. ಕಾರಿನದು ಆರು. ಮಗ ನಂದಕುಮಾರನ ಸ್ಕೂಟರಿನದೂ ಆರು. ಮನೆಮಂದಿಯ ಮೊಬೈಲುಗಳ ಹತ್ತು ಅಂಕಿ ಕೂಡಿ, ಬಂದದ್ದನ್ನು ಮತ್ತೆ ಕೂಡಿ, ಕೊನೆಗೆ ಉಳಿಯುವುದು ಆರು. ಬಾಗಿಲ ಮೇಲಿನ ಮನೆ ನಂಬರು ಮಾತ್ರ ಹಟ ಹಿಡಿದು ಮೂರಕ್ಕೇ ನಿಂತುಬಿಟ್ಟಿತ್ತು. ಆನಂದಪ್ಪನವರು ಬಿಡುವ ಪೈಕಿಯೇ? ಅದರ ಪಕ್ಕಕ್ಕೆ ಹಿತ್ತಾಳೆಯದೊಂದು ಪುಟ್ಟ ಮೂರನ್ನು ಮೊಳೆ ಹೊಡೆದು ಕೂರಿಸಿದರು. ಕೊರಿಯರಿನವರು ಬೀದಿಯ ಈ ತುದಿಯಿಂದ ಆ ತುದಿಗೆ ಅಲೆದು ಸುಸ್ತಾಗಿ ಫೋನು ಮಾಡುತ್ತಿದ್ದರು. ಅಲೆಯಲಿ ಬಿಡಿ, ಮನೆ ಕ್ಷೇಮವಾಗಿರುವುದು ಮುಖ್ಯ.

ಹೀಗಿರುವಾಗ ಕಂಪ್ಯೂಟರನ್ನು ಬಿಡುತ್ತಾರೆಯೇ? ನಡುಮನೆಯ ಮೂಲೆಯಲ್ಲಿ ದೊಡ್ಡ ಪರದೆಯದೊಂದು ಕಂಪ್ಯೂಟರಿತ್ತು. ಆರ್.ಟಿ. ನಗರದಲ್ಲಿ ಸ್ವಿಚ್ಚು, ವೈರು, ಫ್ಯಾನು ಮಾರುವ ಅಂಗಡಿ ನಂದಕುಮಾರನದು. ಅಂಗಡಿಯ ಲೆಕ್ಕಕ್ಕೆಂದು ತಂದದ್ದು. ಆ ಕಂಪ್ಯೂಟರಿಗೂ ಒಳಗೊಂದು ನಂಬರಿರುತ್ತದೆ, ಇಂಟರ್‌ನೆಟ್ಟು ಅದನ್ನು ಹುಡುಕಿಕೊಂಡು ಬರುವುದು ಆ ನಂಬರಿನ ವಿಳಾಸ ಹಿಡಿದೇ ಎಂದು ಯಾವ ಪುಣ್ಯಾತ್ಮ ಆನಂದಪ್ಪನವರ ಕಿವಿಗೆ ಹಾಕಿದನೋ, ಶುರುವಾಯಿತು.

"ಯಾವ ನಂಬರ್‍ಲಾ ಅದು? ನಮ್ಮನ್ನ ಕೇಳ್ದೆ ಯಾರು ಕೊಟ್ಟಿದ್ದು?"

"ತಾನಾಗೇ ಬರತ್ತಪ್ಪ. ಗೋಡೆ ಮೇಲೆ ಇಂಟರ್‌ನೆಟ್ ಪೆಟ್ಟಿಗೆ ಇದ್ಯಲ್ಲ, ಅದು ಕೊಡತ್ತೆ. ಇವತ್ತೊಂದು ಇರತ್ತೆ, ನಾಳೆ ಇನ್ನೊಂದು."

ಈ ಮಾತು ಆಡಬಾರದಿತ್ತು. ಇವತ್ತೊಂದು ನಾಳೆ ಇನ್ನೊಂದು ನಂಬರು ಇಟ್ಟುಕೊಂಡ ವಸ್ತು ನಡುಮನೆಯಲ್ಲಿ ಕೂತಿದ್ದರೆ ಆನಂದಪ್ಪನವರಿಗೆ ಅನ್ನ ಸೇರುತ್ತದೆಯೇ? ಅಪ್ಪ ಬೆರಳಿನ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸುತ್ತಾ ಕೂಡುವುದು, ಮಗ ಪರದೆ ನೋಡಿ ಓದುವುದು, ಹೀಗೆ ಒಂದು ಭಾನುವಾರ ಪೂರ್ತಿ ಹೋಯಿತು. ನೂರ ತೊಂಬತ್ತೆರಡು, ನೂರ ಅರವತ್ತೆಂಟು, ಒಂದು. ಇವಿಷ್ಟನ್ನು ಮುಟ್ಟುವಂತಿಲ್ಲ, ಕೊನೆಯದೊಂದು ಮಾತ್ರ ನಮ್ಮ ಕೈಯಲ್ಲಿದೆ ಎಂದ ಮಗ. ಕೊನೆಗೆ ಹದಿನಾಲ್ಕು ಹಾಕಿದರೆ ಒಟ್ಟು ಮೂವತ್ಮೂರು, ಮೂರೂ ಮೂರೂ ಆರು. ಆಹಾ! 'ಆಟೊಮ್ಯಾಟಿಕ್' ಎಂದಿದ್ದುದನ್ನು ತೆಗೆದು 'ಮ್ಯಾನ್ಯುಯಲ್' ಮಾಡಿ, ನಂದಕುಮಾರ್ ಹದಿನಾಲ್ಕನ್ನು ಕೈಯಾರೆ ಒತ್ತಿ ಭದ್ರಪಡಿಸಿದ. ಆನಂದಪ್ಪನವರು ಪರದೆಯ ಅಂಚಿಗೆ ಕುಂಕುಮದ ಬೊಟ್ಟಿಟ್ಟರು. ಹೋದ ತಿಂಗಳು ರಸ್ತೆ ಅಗೆದು ಹಳೆಯ ವೈರು ಕಡಿದುಹೋಗಿ, ಬೇರೆ ಕಂಪನಿಯ ಹೊಸ ಪೆಟ್ಟಿಗೆ ಬಂದಾಗಲೂ ಅವರು ಮೊದಲು ಕೇಳಿದ್ದು, "ನಮ್ ನಂಬರ್ ಅಂಗೇ ಐತಾ?" ಎಂದು. ಅದು ಹಾಗೇ ಇತ್ತು.

ನಗುವವರು ನಗಬಹುದು. ಪದ್ಮಶ್ರೀಯೂ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ ಸೆರಗು ಬಾಯಿಗೊತ್ತಿಕೊಂಡು ನಕ್ಕವಳೇ. ಆಮೇಲೊಂದು ದಿನ ಅತ್ತೆ ಮುನಿನಾರಾಯಣಮ್ಮ ಅವರೆಕಾಳು ಹಿದುಕುತ್ತಾ ಕೂತವರು, ತಲೆ ಎತ್ತದೆ, ರಾಣಿಯ ವಿಷಯ ಹೇಳಿದರು. ರಾಣಿ ನಂದಕುಮಾರನ ತಂಗಿ. ಐದು ತುಂಬುವ ಮೊದಲೇ ಜ್ವರ ಬಂದು, ಆಸ್ಪತ್ರೆಗೆ ಹೊತ್ತುಕೊಂಡು ಹೋಗುವಷ್ಟರಲ್ಲಿ ಅಪ್ಪನ ಹೆಗಲ ಮೇಲೇ ಹೋಗಿಬಿಟ್ಟಿತ್ತು. ತಿಥಿ ಮುಗಿದ ಮೇಲೆ ನಂಬರು ನೋಡಿ ಭವಿಷ್ಯ ಹೇಳುವ ಒಬ್ಬ ಬಂದು, ಮಗು ಹುಟ್ಟಿದ್ದು ಹದಿನೇಳನೇ ತಾರೀಖು, ಒಂದೂ ಏಳೂ ಎಂಟು, ಎಂಟು ಈ ಮನೆಗೆ ಆಗಿಬರುವುದಿಲ್ಲ, ಮೊದಲೇ ನನ್ನ ಹತ್ತಿರ ಬಂದಿದ್ದರೆ ಹೆಸರಿಗೆ ಒಂದಕ್ಷರ ಸೇರಿಸಿ ಉಳಿಸಿಕೊಡುತ್ತಿದ್ದೆ ಅಂದನಂತೆ. ಅಂಥ ಮಾತಾಡಿದವನ ನಾಲಿಗೆ ಬಿದ್ದುಹೋಗಬೇಕು. ಒಂದಕ್ಷರದಲ್ಲಿ ಮಗಳು ಉಳಿಯುತ್ತಿದ್ದಳು ಎಂದು ಕೇಳಿದ ಅಪ್ಪ ಆಮೇಲೆ ಹೇಗೆ ತಾನೆ ನಿದ್ದೆ ಮಾಡಿಯಾನು? ಅಂದಿನಿಂದ ಆ ಮನುಷ್ಯ ಮನೆಯ ಸುತ್ತ ಆರುಗಳ ಬೇಲಿ ಹಾಕುತ್ತಾ ಬಂದಿದ್ದರು. ಇದು ತಿಳಿದ ಮೇಲೆ ಪದ್ಮಶ್ರೀ ಮತ್ತೆ ನಗಲಿಲ್ಲ.

ಪದ್ಮಶ್ರೀಯದು ಹಗಲುಗನಸಿನ ಸ್ವಭಾವ. ಹೆಬ್ಬಾಳದಾಚೆ ಏರ್‌ಪೋರ್ಟ್ ರಸ್ತೆಯ ಮಗ್ಗುಲಿಗೆ ಒಂದು ನರ್ಸರಿಯಲ್ಲಿ ಅವಳಿಗೆ ಕೆಲಸ. ಗಿಡ ಕೊಂಡವರಿಗೆ ಬಿಲ್ಲು ಮಾಡಿಕೊಡುವುದು, ನೀರು ಹಾಕುವವರು ಮರೆತ ಮೂಲೆಗಳಿಗೆ ತಾನೇ ನೀರು ಹಾಕುವುದು. ಸಂಜೆ ಬಸ್ಸು ಹತ್ತಿದರೆ ಅದು ಹೆಬ್ಬಾಳದ ಫ್ಲೈಓವರಿನ ಮೇಲೆ ಬಂದು ನಿಂತೇ ನಿಲ್ಲುತ್ತಿತ್ತು. ಬಸ್ಸಿನವರೆಲ್ಲ ಶಪಿಸುತ್ತಿದ್ದರು. ಪದ್ಮಶ್ರೀ ಮಾತ್ರ, ಯಾರಿಗೂ ಹೇಳಬೇಡಿ, ಆ ಜಾಮಿಗೆಂದೇ ಕಾಯುತ್ತಿದ್ದಳು. ಕಿಟಕಿಗೆ ತಲೆ ಒರಗಿಸಿದರೆ ಕೆಳಗೆ ಕೆರೆ, ಕೆರೆಯ ಮೇಲೆ ಇಳಿಬಿಸಿಲು, ಬಿಸಿಲಲ್ಲಿ ಬೆಳ್ಳಕ್ಕಿ. ರೆಪ್ಪೆಗಳು ತಾವಾಗಿ ಇಳಿಯುತ್ತಿದ್ದವು. ಆಗ ನೀರಿನಂಚಿಗೆ ಒಂದು ಮಗು ಬಂದು ಕೂರುತ್ತಿತ್ತು. ಬೆನ್ನು ಈ ಕಡೆಗೆ. ಒದ್ದೆ ಕೂದಲು ಕತ್ತಿಗೆ ಅಂಟಿಕೊಂಡಿರುತ್ತಿತ್ತು. ಅಷ್ಟು ಎತ್ತರದ ಸೇತುವೆಯಿಂದ ಹೇಗೆ ಇಳಿಯುತ್ತಿದ್ದಳೋ ಆ ಕನಸಿಗೇ ಗೊತ್ತು, ಪದ್ಮಶ್ರೀ ಇಳಿದು, ನೀರಿನ ಮೇಲೆ ಮೆಲ್ಲಗೆ ನಡೆದು, ಮಗುವಿನ ಹಿಂದೆ ಹೋಗಿ ನಿಲ್ಲುತ್ತಿದ್ದಳು. "ಯಾರ್ ಮಗೂನಮ್ಮಾ ನೀನು?" ಎನ್ನುತ್ತಿದ್ದಳು. ಮಗು ತಿರುಗಬೇಕು, ಸರಿಯಾಗಿ ಆ ಹೊತ್ತಿಗೆ ಡ್ರೈವರು ಗೇರು ಹಾಕುತ್ತಿದ್ದ. ಒಂದು ಸಲವಾದರೂ, ಒಂದೇ ಒಂದು ಸಲವಾದರೂ ಅದರ ಮುಖ ಕಂಡದ್ದಿಲ್ಲ. ಬಸ್ಸು ಹೊರಟಿತೆಂದು ಎಲ್ಲರಿಗೂ ಖುಷಿಯಾದರೆ ಅವಳಿಗೆ ಅಳು ಬರುವಷ್ಟು ಸಿಟ್ಟು ಬರುತ್ತಿತ್ತು.

ಮದುವೆಯಾಗಿ ಬಹಳ ಕಾಲವಾಗಿತ್ತು. ಆಸ್ಪತ್ರೆಗಳಾದವು, ಹರಕೆಗಳಾದವು, ಎರಡೂ ಸಾಕಾದವು. ಕಡೆಗೆ ದತ್ತು ತೆಗೆದುಕೊಳ್ಳೋಣವೆಂದು ಗಂಡಹೆಂಡತಿ ನಿಶ್ಚಯಿಸಿ ಹೆದರುತ್ತಾ ಹೇಳಿದಾಗ ಆನಂದಪ್ಪನವರು, "ಯಾರ್ ಒಟ್ಟೆಲಿ ಉಟ್ಟಿದ್ರೇನು, ನಮ್ ಮನೇಲಿ ಬೆಳೀತದಲ್ಲ, ಸಾಕು" ಎಂದುಬಿಟ್ಟಿದ್ದರು. ದತ್ತು ಕೊಡುವ ಸರ್ಕಾರಿ ಪಟ್ಟಿಯಲ್ಲಿ ಹೆಸರು ಬರೆಸಿದ್ದಾಯಿತು. ಅಲ್ಲಿ ಆರಿಸಿಕೊಳ್ಳುವುದೆಲ್ಲ ಇಲ್ಲ. ಸರದಿ ಬಂದಾಗ ಯಾವ ಮಗುವಿನ ಹೆಸರು ಬರುತ್ತದೋ ಆ ಮಗು. ಕಾದರು. ವರ್ಷಗಳು ಹೋದವು. ಫ್ಲೈಓವರಿನ ಮೇಲೆ ಬಸ್ಸು ನಿಲ್ಲುತ್ತಲೇ ಇತ್ತು, ಮಗು ಬೆನ್ನು ಹಾಕಿ ಕೂರುತ್ತಲೇ ಇತ್ತು.

ಒಂದು ಶುಕ್ರವಾರ ಸರದಿ ಬಂತು. ನರ್ಸರಿಯಲ್ಲಿ ದಾಸವಾಳದ ಕುಂಡಗಳ ನಡುವೆ ನಿಂತಿದ್ದಾಗ ಫೋನು ಟಣ್ ಎಂದಿತು. ನಯನಾ, ಹೆಣ್ಣು ಮಗು, ನಾಲ್ಕು ವರ್ಷ, ದೂರದ ಒಂದು ಊರಿನ ಮಕ್ಕಳ ಮನೆಯಲ್ಲಿದ್ದಾಳೆ. ಜೊತೆಗೊಂದು ಫೋಟೋ. ಕ್ಯಾಮೆರಾ ನೋಡದೆ ಎತ್ತಲೋ ನೋಡುತ್ತಿದ್ದ, ಅರ್ಧ ನೆರಳಲ್ಲಿದ್ದ ಮುಖ. ಪದ್ಮಶ್ರೀಗೆ ಕಾಲು ನೆಲದಲ್ಲಿ ನಿಲ್ಲಲಿಲ್ಲ. ಕೈಯಲ್ಲಿದ್ದ ಪೈಪಿನ ನೀರು ಗಿರಾಕಿಯೊಬ್ಬರ ಷೂಸಿನ ಮೇಲೆಲ್ಲ ಹರಿದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಸಂಜೆ ಮನೆಯಲ್ಲಿ ಫೋನು ಕೈಯಿಂದ ಕೈಗೆ ಹೋಯಿತು. ಆನಂದಪ್ಪನವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಫೋನಿನ ಪುಟ್ಟ ಪರದೆಯಲ್ಲಿ ಅವರಿಗೆ ಮಗುವೂ ಒಂದೇ, ಮೋಡವೂ ಒಂದೇ. ಮುಖ ಕಾಣಲಿಲ್ಲ. ಆದ್ದರಿಂದ ಅವರಿಗೆ ಕೇಳಲು ಉಳಿದದ್ದು ಒಂದೇ ಪ್ರಶ್ನೆ.

"ಉಟ್ಟಿದ್ ತಾರೀಖು?"

 ಎರಡನೇ ಸಲ ಕೇಳಿದಾಗ ನಂದಕುಮಾರ್ ನೆಲ ನೋಡುತ್ತಾ, "ಇಪ್ಪತ್ತಾರು" ಎಂದ. ಹೆಬ್ಬೆರಳು ಗೆಣ್ಣುಗಳ ಮೇಲೆ ಓಡಬೇಕಾದ ಅಗತ್ಯವೇ ಬೀಳಲಿಲ್ಲ.

"ಆ ತಾರೀಖು ಸರಿಯಾಗ್ ಯಾರ್ಗೂ ಗೊತ್ತಿಲ್ಲ ಮಾವ," ಎಂದಳು ಪದ್ಮಶ್ರೀ. "ಡಾಕ್ಟ್ರು ಹಲ್ಲು ನೋಡಿ ಅಂದಾಜಲ್ಲಿ ಬರ್ದಿರೋದಂತೆ."

"ಬರೆದ್ ಮೇಲೆ ಬರೆದಂಗೇ ಕಣಮ್ಮ." ಅವರ ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟವಾದದ್ದು. "ಬ್ಯಾಡ ಅಂತ ಅಂದಿದ್ನಾ ನಾನು? ಬೇರೆ ಮಗು ಬರ್ಲಿ. ಇನ್ನೊಂದ್ ವರ್ಸ ಕಾಯುವಾ. ಎಂಟು ಈ ಮನೇಗ್ ಆಗಕಿಲ್ಲ. ನನ್ ಕೈಲಿ ಇನ್ನೊಂದ್ ಸಲ ಆಗಕಿಲ್ಲ."

ಮಕ್ಕಳ ಮನೆಯ ಸುಮಾ ಮೇಡಂ ಮಾರನೆಯ ಮಧ್ಯಾಹ್ನ ವಿಡಿಯೋದಲ್ಲಿ ಮಗುವನ್ನು ತೋರಿಸುತ್ತೇನೆಂದಿದ್ದರು. ಮನೆಯವರೆಲ್ಲ ಒಟ್ಟಿಗೆ ಕೂತಿರಬೇಕು, ಮುಖ್ಯವಾಗಿ ಹಿರಿಯರು. ಮಗು ಹೋಗುವ ಮನೆಯಲ್ಲಿ ಒಬ್ಬರಿಗೆ ಮನಸ್ಸಿಲ್ಲದಿದ್ದರೂ ಮಗುವಿಗೆ ಅದು ತಿಳಿದುಬಿಡುತ್ತದೆ ಎನ್ನುವುದು ಅವರ ಮಾತು. ಭಾನುವಾರ ಸಂಜೆಯೊಳಗೆ ಹೂಂ ಅನ್ನಬೇಕು ಅಥವಾ ಉಹೂಂ ಅನ್ನಬೇಕು. ಉಹೂಂ ಅಂದರೆ ನಯನಾ ಬೇರೆಯವರ ಸರದಿಗೆ ಹೋಗುತ್ತಾಳೆ. ಅಷ್ಟೇ, ಮತ್ತೆ ಅವಳ ಹೆಸರು ಈ ಮನೆಗೆ ಬರುವುದಿಲ್ಲ. "ನೋಡಕ್ಕಾದ್ರೂ ಕೂತ್ಕೊಳ್ಳಿ ಮಾವ" ಎಂದು ಪದ್ಮಶ್ರೀ ಕೈ ಮುಗಿದದ್ದಕ್ಕೆ ಆನಂದಪ್ಪನವರು ಕೂರಲು ಒಪ್ಪಿದ್ದರು, ಬೇರೆ ಯಾವುದಕ್ಕೂ ಅಲ್ಲ.

ಶನಿವಾರ ಬೆಳಗ್ಗೆ ಪದ್ಮಶ್ರೀ ಹೂವು ತರಲು ಹೋಗಿದ್ದಾಗ ನಂದಕುಮಾರ್ ಕಂಪ್ಯೂಟರನ್ನು ಪರೀಕ್ಷೆ ಮಾಡಿದ. ಎಲ್ಲ ಸರಿಯಾಗಿತ್ತು. ಆದರೂ ಅವನಿಗೆ ಪುಕುಪುಕು. ಹೊಸ ಪೆಟ್ಟಿಗೆ ಬಂದಾಗಿನಿಂದ ಕಂಪ್ಯೂಟರಿನ ಇಂಟರ್‌ನೆಟ್ಟು ಹಗಲೆಲ್ಲ ಚೆನ್ನಾಗಿದ್ದು, ಸಂಜೆ ಪದ್ಮಶ್ರೀ ಮನೆಗೆ ಬಂದಳೆಂದರೆ ಹೋಗಿ ಬಂದು ಮಾಡುತ್ತಿತ್ತು. "ಎಲ್ಲಾ ನಮ್ ಸೊಸೆ ಕಾಲ್ಗುಣ" ಎಂದು ಆನಂದಪ್ಪನವರು ತಮಾಷೆ ಮಾಡುವುದು, ಅವಳು ಮುಖ ಊದಿಸಿಕೊಳ್ಳುವುದು ವಾಡಿಕೆಯಾಗಿಬಿಟ್ಟಿತ್ತು.

ಮಧ್ಯಾಹ್ನವಾಯಿತು. ಬೀದಿಯಲ್ಲಿ ಸದ್ದಿಲ್ಲ. ಯಲಹಂಕದ ಕಡೆಯಿಂದ ವಾಯುಸೇನೆಯ ವಿಮಾನವೊಂದು ಗುಂಯ್ ಎಂದು ಎಲ್ಲೋ ಬಹಳ ಮೇಲೆ ಸುತ್ತು ಹಾಕುತ್ತಿತ್ತು. ಕಿಟಕಿಯ ಹಳದಿ ಪರದೆಯಿಂದ ಸೋಸಿ ಬಂದ ಬಿಸಿಲಲ್ಲಿ ನಡುಮನೆ ಅರಿಶಿನದ ನೀರು ತುಂಬಿದ ಹಾಗಿತ್ತು. ಮುನಿನಾರಾಯಣಮ್ಮ ಹೊಸ ಸೀರೆ ಉಟ್ಟು, ನಂದಕುಮಾರ್ ಬೆವರು ಒರೆಸಿಕೊಳ್ಳುತ್ತಾ, ಆನಂದಪ್ಪನವರು ಬಿಳಿ ಷರಟಿನ ಗುಂಡಿಯನ್ನು ಕತ್ತಿನವರೆಗೂ ಹಾಕಿಕೊಂಡು ಸೋಫಾದಲ್ಲಿ ಸಾಲಾಗಿ ಕೂತಿದ್ದರು. ಪದ್ಮಶ್ರೀಗೆ ಮಾತ್ರ ತಾನು ಬಸ್ಸಿನಲ್ಲೇ ಇದ್ದೇನೇನೋ, ಕಿಟಕಿಗೆ ತಲೆ ಒರಗಿದೆಯೇನೋ ಎನಿಸುತ್ತಿತ್ತು. ಎಚ್ಚರವಾಗಬಾರದಪ್ಪಾ ದೇವರೇ, ಇವತ್ತೊಂದು ದಿನ ಡ್ರೈವರು ಗೇರು ಹಾಕಬಾರದು ಎಂದು ಮನಸ್ಸಿನಲ್ಲೇ ಬೇಡಿಕೊಂಡಳು.

ಪರದೆ ಬೆಳಗಿತು. ಸುಮಾ ಮೇಡಂ ದುಂಡು ಮುಖದ, ದೊಡ್ಡ ಕನ್ನಡಕದ ಹೆಂಗಸು. ಎಲ್ಲರಿಗೂ ನಮಸ್ಕಾರ ಹೇಳಿ, "ಊಟ ಆಗಿದೆ, ನಿದ್ದೆ ಬರೋ ಟೈಮು, ಬೇಗ ಕರ್ಕೊಂಡ್ ಬರ್ತೀನಿ" ಎಂದು ಎದ್ದು ಹೋದರು. ಖಾಲಿ ಕುರ್ಚಿ. ಅದರ ಹಿಂದೆ ನೀಲಿ ಬಾಗಿಲು. ಬಾಗಿಲು ತೆರೆಯಿತು. ಹವಾಯಿ ಚಪ್ಪಲಿ ಹಾಕಿದ ಪುಟ್ಟ ಕಾಲೊಂದು ಹೊಸ್ತಿಲು ದಾಟಿತು, ಹಸಿರು ಫ್ರಾಕಿನ ಅಂಚು ಕಂಡಿತು, ಚಿತ್ರ ಅಲ್ಲಾಡದೆ ನಿಂತಿತು. ಚೂರು ಚೂರಾಯಿತು. ಹೋಯಿತು.

"ಅಯ್ಯೋ!" ಎಂದು ಪದ್ಮಶ್ರೀ ಕೂಗಿದ್ದು ಬೀದಿಗೆ ಕೇಳಿಸಿರಬೇಕು.

ಆನಂದಪ್ಪನವರು ಮೊಣಕಾಲ ಮೇಲೆ ಕೈಯೂರಿ ಎದ್ದರು. "ನೋಡುದ್ರಾ? ಒಸ್ಲು ದಾಟಕ್ ಮುಂಚೇನೇ ಇಂಗೆ. ನಾನ್ ಏನೋ ಉಚ್ಚನಂಗೆ ಒದರ್ತೀನಿ ಅಂತ ಅಂದ್ಕಂಡಿದ್ರಿ."

ಪರದೆಯ ಬಲಮೂಲೆಯಲ್ಲಿ ಪುಟ್ಟದೊಂದು ಸೂಚನೆ ಮೂಡಿತ್ತು. ಅಂಥದ್ದು ದಿನಾ ಸಂಜೆ ಮೂಡುತ್ತಿತ್ತಂತೆ, ನಂದಕುಮಾರ್ ಓದದೆ ಒರೆಸಿ ಹಾಕುತ್ತಿದ್ದನಂತೆ. ಮಹಾನುಭಾವ! ಪದ್ಮಶ್ರೀ ಬಗ್ಗಿ ಅದನ್ನು ಓದಿದಳು. ಈ ಮನೆಯಲ್ಲಿ ಇನ್ನೊಂದು ಯಂತ್ರ ಇದೇ ವಿಳಾಸ ಇಟ್ಟುಕೊಂಡಿದೆ ಎಂದು ಅದರ ಅರ್ಥ.

"ಇನ್ನೊಂದು ಯಾವ್ದು?" ಎಂದಳು. ನಂದಕುಮಾರ್ ತನ್ನ ಫೋನು ನೋಡಿದ, ಅಮ್ಮನದನ್ನು ನೋಡಿದ. ಆಮೇಲೆ ಪದ್ಮಶ್ರೀಯ ಫೋನು ಇಸಕೊಂಡು ಅದರ ಹೊಟ್ಟೆಯೊಳಗೆ ಎಲ್ಲೆಲ್ಲೋ ಒತ್ತಿ ನೋಡಿ ಹಣೆ ಚಚ್ಚಿಕೊಂಡ. ನೂರ ತೊಂಬತ್ತೆರಡು, ನೂರ ಅರವತ್ತೆಂಟು, ಒಂದು, ಹದಿನಾಲ್ಕು. ಹೊಸ ಪೆಟ್ಟಿಗೆ ಅವಳ ಫೋನಿಗೆ ತಾನಾಗಿ ಕೊಟ್ಟದ್ದು ಅದೇ ಹದಿನಾಲ್ಕನ್ನು. ಕಾಲ್ಗುಣವೂ ಇಲ್ಲ, ಏನೂ ಇಲ್ಲ. ಅವಳು ಮನೆಗೆ ಬಂದಾಗ ಫೋನೂ ಬರುತ್ತಿತ್ತು, ಅಷ್ಟೇ.

"ಅಪ್ಪ, ನೀವೇ ಹೇಳ್ತಿದ್ರಲ್ಲ, ಕೆರೆ ನೀರುಗಂಟಿ," ಎಂದ ನಂದಕುಮಾರ್. ಕೆರೆಯ ಕೆಳಗಿನ ಗದ್ದೆಗಳಿಗೆಲ್ಲ ಸರದಿಯಂತೆ ನೀರು ಬಿಡುತ್ತಿದ್ದವನೇ ನೀರುಗಂಟಿ. ಆನಂದಪ್ಪನವರ ಗದ್ದೆ ಸೈಟುಗಳಾಗಿ, ಈಗ ಅವರು ಮೇಲಿನ ಮನೆಗಳ ಬಾಡಿಗೆಯಲ್ಲಿ ಬದುಕುತ್ತಿದ್ದರೂ ಆ ಕಾಲ ಮರೆತಿರಲಿಲ್ಲ. "ಈ ಪೆಟ್ಟಿಗೇನೂ ಹಂಗೇ. ಕೇಳ್ದೋರಿಗೆಲ್ಲ ಅದೇ ಒಂದೊಂದು ನಂಬರ್ ಕೊಡತ್ತೆ. ನಾವು ಅದನ್ನ ಕೇಳ್ದೆ ಹದಿನಾಲ್ಕು ಹಿಡ್ಕೊಂಡ್ ಕೂತ್ವಿ. ಅದಕ್ಕೇನ್ ಗೊತ್ತು ಪಾಪ, ಹದಿನಾಲ್ಕು ಖಾಲಿ ಇದೆ ಅಂತ ಪದ್ಮಂಗೆ ಕೊಡ್ತು."

"ನೀರುಗಂಟಿಗೆ ಏಳ್ದೆ ನಮ್ ಗದ್ದೆಗೆ ನಾವೇ ನೀರಿನ ಮಡೆ ಕಿತ್ತಂಗೆ," ಎಂದರು ಆನಂದಪ್ಪನವರು. ಅರ್ಥವಾಗದವರೇನಲ್ಲ. ಒಂದು ಗಳಿಗೆ ಯೋಚಿಸಿ, "ಅಂಗಾರೆ ಆ ಫೋನ್ ಆಫ್ ಮಾಡಿ, ಆಗೋಯ್ತು" ಎಂದರು.

ನಂದಕುಮಾರನ ಕೈಯಲ್ಲಿದ್ದ ಪದ್ಮಶ್ರೀಯ ಫೋನು ಅಷ್ಟರಲ್ಲಿ ಬಡಿದುಕೊಂಡಿತು, ಅವಳು ಕಿತ್ತುಕೊಂಡಳು. ಸುಮಾ ಮೇಡಂ. "ಏನಾಯ್ತಮ್ಮ? ಮಗು ತೂಕಡಿಸ್ತಾ ಇದೆ. ನಾಳೆ ನಂಗೆ ರಜ, ಸೋಮವಾರ ನೋಡೋಣ ಅಂದ್ರೆ ಆಗಲ್ಲ, ನಿಮ್ ಟೈಮ್ ನಾಳೆಗೆ ಮುಗಿಯತ್ತೆ."

"ಐದೇ ನಿಮಿಷ ಮೇಡಂ, ನಿಮ್ ದಮ್ಮಯ್ಯ," ಎಂದು ಪದ್ಮಶ್ರೀ ಮಾತು ಮುಗಿಸಿದಳು. ಬೆರಳು ಆಫ್ ಮಾಡುವ ಗುಂಡಿಯ ಮೇಲೇ ಇತ್ತು. ಒತ್ತಿದ್ದರೆ ಆಗುತ್ತಿತ್ತು, ಫೋನು ಆಫ್ ಆಗುತ್ತಿತ್ತು, ಹದಿನಾಲ್ಕು ಉಳಿಯುತ್ತಿತ್ತು, ಆರು ಉಳಿಯುತ್ತಿತ್ತು. ಆಮೇಲೆ ಮಾವ ಮಗುವನ್ನು ನೋಡಿ, ಇಪ್ಪತ್ತಾರನ್ನು ಮನಸ್ಸಿನಲ್ಲಿಟ್ಟುಕೊಂಡು, ಬೇಡ ಎನ್ನುತ್ತಿದ್ದರು. ಅವಳಿಗೆ ಎಲ್ಲಿಂದ ಬಂತೋ ಆ ಧೈರ್ಯ, ಹದಿನೈದು ವರ್ಷದಲ್ಲಿ ಮಾವನ ಎದುರು ಎತ್ತದ ದನಿ ಎತ್ತಿದಳು.

"ಆಫ್ ಮಾಡಲ್ಲ ಮಾವ. ಇವತ್ತು ನನ್ ಫೋನು ಹೊರಗೆ. ನಾಳೆ ಇನ್ನೊಂದಕ್ಕೆ ಹದಿನಾಲ್ಕು ಬಂದ್ರೆ ಅದೂ ಹೊರಗೆ. ಇಪ್ಪತ್ತಾರಕ್ಕೆ ಹುಟ್ತು ಅಂತ ಆ ಮಗೂನೂ ಹೊರಗೆ. ಈ ಆರನ್ನ ಉಳ್ಸೋಕೆ ಇನ್ನೂ ಎಷ್ಟ್ ಜನಾನ ಹೊರಗೆ ಹಾಕ್ಬೇಕು ನಾವು?"

ನಂದಕುಮಾರ್ ಅಪ್ಪನ ಮುಖ ನೋಡಲಾರದೆ ಕೀಲಿಮಣೆ ನೋಡುತ್ತಿದ್ದ. ಆಗ ಮಾತಾಡಿದವರು ಮುನಿನಾರಾಯಣಮ್ಮ. ರಾಣಿ ಹೋದ ಮೇಲೆ ಗಂಡನ ಆರುಗಳಿಗೆ ಒಂದು ದಿನವೂ ಅಡ್ಡಿ ಹೇಳದ ಹೆಂಗಸು.

"ಇಷ್ಟ್ ವರ್ಸ ಆರು ಆರು ಅಂತ ಕಾವಲು ಕಾದ್ರಲ್ಲ," ಎಂದರು ಮೆಲ್ಲಗೆ. "ರಾಣಿ ಬಂದ್ಲಾ? ನಾನೂ ಎತ್ತವಳೇ ಕಣ್ರೀ. ನಂಗೂ ಬಯ ಐತೆ. ಬಯ ಮಡೀಕಂಡೇ ಸಾಕುವಾ. ಆ ಮಗು ಬಾಗ್ಲತ್ರ ನಿಂತೈತೆ."

ಆನಂದಪ್ಪನವರು ಸೋಫಾದ ತುದಿಯಲ್ಲಿ ಕುಸಿದಂತೆ ಕೂತು ಕಿಟಕಿಯ ಕಡೆ ಮುಖ ಮಾಡಿಕೊಂಡರು. "ಮಾಡ್ಕಳ್ಳಿ" ಎಂದರೋ, ಬರೀ ಉಸಿರು ಬಿಟ್ಟರೋ, ಯಾರಿಗೂ ಸರಿಯಾಗಿ ಕೇಳಿಸಲಿಲ್ಲ.

ಪದ್ಮಶ್ರೀಯೇ ಕುರ್ಚಿಗೆ ಕೂತಳು. "ಎಲ್ಲಿ ಒತ್ಬೇಕು ಹೇಳಿ" ಎಂದಳು. ಸೆಟ್ಟಿಂಗ್ಸು, ಅದರೊಳಗೆ ನೆಟ್‌ವರ್ಕು, ಅದರೊಳಗೆ ವಿಳಾಸದ ಸಾಲು, ಪಕ್ಕದಲ್ಲಿ ಎಡಿಟ್. ನಂದಕುಮಾರ್ ಪಿಸುಗುಡುತ್ತಾ ಹೇಳಿದಂತೆ ಒತ್ತುತ್ತಾ ಹೋದಳು. ಒಂದು ಮನೆಯೊಳಗೆ ಇನ್ನೊಂದು ಮನೆ, ಅದರೊಳಗೆ ಮತ್ತೊಂದು; ಕನಸಿನಲ್ಲಿ ನೀರಿನ ಮೇಲೆ ನಡೆಯುವಾಗಲೂ ಹೀಗೇ ಕಾಲ ಕೆಳಗೆ ಏನೂ ಇರುತ್ತಿರಲಿಲ್ಲ. ಕಡೆಯ ಮನೆಯಲ್ಲಿ 'ಮ್ಯಾನ್ಯುಯಲ್' ಎಂದಿತ್ತು, ಅದರ ಕೆಳಗೆ ಆ ಹದಿನಾಲ್ಕು. ಅವಳು 'ಆಟೊಮ್ಯಾಟಿಕ್' ಎನ್ನುವುದನ್ನು ಆರಿಸಿದಳು. ಹದಿನಾಲ್ಕು ತಟ್ಟನೆ ಮಾಯವಾಯಿತು. 'ಸೇವ್' ಒತ್ತಿದಳು.

ಕಂಪ್ಯೂಟರು ಒಂದು ಕ್ಷಣ ಯಾವ ನಂಬರೂ ಇಲ್ಲದೆ ಇತ್ತು. ಗೋಡೆಯ ಮೇಲಿನ ಪೆಟ್ಟಿಗೆಯ ಹಸಿರು ದೀಪ ಮಿಣಮಿಣ ಎಂದಿತು. ಕೇಳಿದ್ದಕ್ಕೆ ಪೆಟ್ಟಿಗೆ ಏನೋ ಕೊಟ್ಟಿತು.

"ಬಂತು!" ಎಂದ ನಂದಕುಮಾರ್. ಖುಷಿಗೆ ಬಾಯಿ ತಡೆಯದೆ, "ಅಪ್ಪ, ನಿಮ್ ಆರು ಎಲ್ಲೂ ಹೋಗಿಲ್ಲ, ಸೊಸೆ ಫೋನಲ್ಲೇ ಇದೆ" ಎಂದೂ ಸೇರಿಸಿದ.

"ಇದಕ್ಕೆ ಎಷ್ಟ್ ಬಂತು?" ಕಿಟಕಿಯ ಕಡೆಗೆ ಮುಖ ಮಾಡಿಕೊಂಡೇ ಕೇಳಿದರು ಆನಂದಪ್ಪನವರು.

"ಕೊನೇದು ಏಳು." ಹೇಳಿದ ಮೇಲೆ ನಂದಕುಮಾರನಿಗೆ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಇಷ್ಟು ವರ್ಷ ಈ ಮನೆಯಲ್ಲಿ ಬಾಳಿದ ಪದ್ಮಶ್ರೀಗೆ ಕೂಡುವುದು ಬರುವುದಿಲ್ಲವೇ? ಮುಟ್ಟಲಾಗದ ಮೊದಲ ಮೂರರ ಮೊತ್ತ ಇಪ್ಪತ್ತೆಂಟು, ಅದಕ್ಕೆ ಏಳು ಸೇರಿದರೆ ಮೂವತ್ತೈದು. ಮೂರೂ ಐದೂ ಎಂಟು. ಮಾವ ಎಡಗೈ ಮುಂದೆ ಚಾಚಿದರು. ಹೆಬ್ಬೆರಳು ಕಿರುಬೆರಳಿನ ಮೊದಲ ಗೆಣ್ಣಿಗೆ ಹೋಯಿತು. ತುಟಿ ಅಲ್ಲಾಡತೊಡಗಿತು. ಪರದೆಯಲ್ಲಿ ಸುಮಾ ಮೇಡಂ ಮೂಡಿದರು, ಅವರ ತೊಡೆಯ ಮೇಲೊಂದು ಹಸಿರು ಫ್ರಾಕು ಅವರ ಹೆಗಲಿಗೆ ಮುಖ ಹುದುಗಿಸಿ, ಬೆನ್ನು ಹಾಕಿ ಕೂತಿತ್ತು. ಮಾವನ ಹೆಬ್ಬೆರಳು ಒಂದೊಂದೇ ಗೆಣ್ಣು ಹತ್ತುತ್ತಿತ್ತು.

"ನಯನಾ, ನೋಡಮ್ಮ ಯಾರ್ ಬಂದಿದಾರೆ."

ಮಗು ತಿರುಗಿತು.

ತಿರುಗಿತು! ಯಾವ ಡ್ರೈವರೂ ಗೇರು ಹಾಕಲಿಲ್ಲ. ನಿದ್ದೆಗಣ್ಣು, ಒಂದು ಕೆನ್ನೆಯ ಮೇಲೆ ಸೀರೆಯ ಮಡಿಕೆಯ ಗುರುತು, ಸ್ವಲ್ಪ ಮುಂದಕ್ಕೆ ಬಂದ ಮೇಲ್ದುಟಿ. ಕನಸಿನ ಮುಖ ಇದೇ ಹೌದೋ ಅಲ್ಲವೋ ಪದ್ಮಶ್ರೀಗೆ ತಿಳಿಯಲಿಲ್ಲ, ಕನಸಿಗೆ ಮುಖವೇ ಇರಲಿಲ್ಲವಲ್ಲ. ಇನ್ನು ಮೇಲೆ ಇದೇ ಅದರ ಮುಖ ಎಂದುಕೊಂಡಳು. ಕಣ್ಣಲ್ಲಿ ನೀರು ಧಾರಾಕಾರ ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಏಳಲಿಲ್ಲ.

ಮಗು ಅವಳನ್ನು ನೋಡಲಿಲ್ಲ, ನಂದಕುಮಾರನನ್ನೂ ನೋಡಲಿಲ್ಲ. ಸೋಫಾದ ತುದಿಯಲ್ಲಿ ಪಕ್ಕಕ್ಕೆ ತಿರುಗಿ ಕೂತು ಬೆರಳಾಡಿಸುತ್ತಿದ್ದ ಮುದುಕನನ್ನೇ ನೋಡಿತು. ತಾನೂ ಒಂದು ಕೈ ಎತ್ತಿಕೊಂಡಿತು. ಪುಟ್ಟ ಹೆಬ್ಬೆರಳನ್ನು ಪುಟ್ಟ ಕಿರುಬೆರಳ ಮೇಲಿಟ್ಟು, ಗೆಣ್ಣಿನಿಂದ ಗೆಣ್ಣಿಗೆ ಏರಿಸುತ್ತಾ, ತುಟಿಯನ್ನೂ ಅವರ ಹಾಗೇ ಮಣಮಣ ಆಡಿಸಿತು.

"ತಾತ, ಏನ್ ಎಣಿಸ್ತಾ ಇದೀಯ?"

ಆನಂದಪ್ಪನವರು ಥಟ್ಟನೆ ತಿರುಗಿದರು. ದೊಡ್ಡ ಪರದೆ, ಪೊರೆ ಬಂದ ಕಣ್ಣಿಗೂ ಮುಖ ಕಂಡಿತು. ಹೆಬ್ಬೆರಳು ಇದ್ದ ಗೆಣ್ಣಿನ ಮೇಲೇ ನಿಂತುಹೋಯಿತು. ಮೊತ್ತ ಎಲ್ಲಿಯವರೆಗೆ ಬಂದಿತ್ತೋ, ದೇವರಿಗೇ ಗೊತ್ತು. ಮಗು ಉತ್ತರಕ್ಕೆ ಕಾಯುತ್ತಿತ್ತು.

"ನಿನ್ ಅಲ್ಲು ಕಣವ್ವ," ಎಂದರು ಕೊನೆಗೆ. "ಬಾಯಾಗೆ ಅಲ್ಲೆಷ್ಟವೆ ಅಂತ ಎಣಿಸ್ತಿದ್ದೆ."

"ನನ್ ಹಲ್ಲು ಇಲ್ಲಿದೆ, ನಿನ್ ಕೈಲಿ ಎಲ್ಲಿದೆ?" ಎಂದು ಮಗು ಕಿಲಕಿಲ ನಕ್ಕು, ಆ ಎಂದು ಪೂರ್ತಿ ಬಾಯಿ ತೆರೆದು ಪರದೆಯ ಹತ್ತಿರಕ್ಕೆ ಬಂತು. ಆನಂದಪ್ಪನವರೂ ಎದ್ದು, ಮೂಗು ತಾಗುವಷ್ಟು ಹತ್ತಿರ ಹೋಗಿ, ಹುಬ್ಬಿಗೆ ಕೈಯೊಡ್ಡಿ ಆ ಹಾಲುಹಲ್ಲುಗಳನ್ನು ನೋಡಿದರು. ಎಷ್ಟೋ ಎತ್ತುಗಳ ಹಲ್ಲು ನೋಡಿ ವಯಸ್ಸು ಹೇಳಿದ ಕಣ್ಣು. "ಎಲ್ಲಾ ಆಲಲ್ಲೇಯ. ಚೆನ್ನಾಗವೆ," ಎಂದರು. ಮುನಿನಾರಾಯಣಮ್ಮ, "ಥೂ ನಿಮ್ಮ, ಮಗೀನ ದನದ ಜಾತ್ರೆಲಿ ನೋಡ್ದಂಗೆ ನೋಡ್ತೀರಲ್ಲ" ಎಂದು ಗದರುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಪದ್ಮಶ್ರೀ ಮಾತಾಡಿದಳು, ನಂದಕುಮಾರ್ ಮಾತಾಡಿದ. ಏನು ಮಾತಾಡಿದರೋ ಇಬ್ಬರಿಗೂ ನೆನಪಿಲ್ಲ. ಮಗು ಆಕಳಿಸಿತು. ಸುಮಾ ಮೇಡಂ ಅದನ್ನು ಹೆಗಲಿಗೆ ಹಾಕಿಕೊಂಡು, "ತಾತ, ನಿಮಗೇನಾದ್ರೂ ಕೇಳೋದಿದ್ಯಾ?" ಎಂದರು.

ಪದ್ಮಶ್ರೀ ಮಾವನ ಕಡೆ ತಿರುಗಿದಳು. ಈಗ ಇಪ್ಪತ್ತಾರರ ಮಾತು ಬರುತ್ತದೆ, ಬಂದೇ ಬರುತ್ತದೆ. ಆನಂದಪ್ಪನವರು ಕುಂಕುಮದ ಬೊಟ್ಟಿದ್ದ ಪರದೆಯಂಚನ್ನು ಹಿಡಿದುಕೊಂಡು ಮುಂದಕ್ಕೆ ಬಾಗಿದರು.

"ಒಂದು ಕೇಳ್ಬೇಕು ತಾಯಿ," ಎಂದರು. "ಈ ಮಗೀಗೆ ಜರ ಬಂದ್ರೆ ಏನ್ ಔಸ್ತಿ ಕೊಡ್ತೀರ? ಯಾವ್ದು ಒಗ್ತದೆ, ಯಾವ್ದು ಒಗ್ಗಕಿಲ್ಲ, ಎಲ್ಲಾ ಸರ್‍ಯಾಗ್ ಏಳ್ಬುಡಿ. ನಮ್ ಮನೇಗ್ ಬಂದ್ ಮೇಲೆ ರಾತ್ರಿಯೊತ್ನಾಗೆ ಬಂದ್ರೆ ನಂಗ್ ಗೊತ್ತಿರ್ಬೇಕು."

ಸುಮಾ ಮೇಡಂ ಒಂದು ಸಿರಪ್ಪಿನ ಹೆಸರು ಹೇಳಿದರು. ಆನಂದಪ್ಪನವರು ಅದನ್ನು ತಪ್ಪುತಪ್ಪಾಗಿ ಮತ್ತೆ ಮತ್ತೆ ಹೇಳಿಕೊಂಡು ಬಾಯಿಪಾಠ ಮಾಡಿಕೊಂಡರು. ಪದ್ಮಶ್ರೀ ಮಾವನ ಕಾಲ ಹತ್ತಿರ ನೆಲದ ಮೇಲೇ ಕೂತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಪರದೆ ಖಾಲಿಯಾದ ಮೇಲೆ, ಹಳದಿ ಬಿಸಿಲು ಗೋಡೆಯಿಂದ ಇಳಿದು ನೆಲಕ್ಕೆ ಬಂದಿದ್ದಾಗ, ಆನಂದಪ್ಪನವರಿಗೆ ಅರ್ಧಕ್ಕೆ ಬಿಟ್ಟ ಲೆಕ್ಕ ನೆನಪಾಯಿತು. "ಅದು ಕೊನೇಗ್ ಎಷ್ಟಾಯ್ತಲಾ?" ಎಂದರು. ನಂದಕುಮಾರ್ ಹೆಂಡತಿಯ ಮುಖ ನೋಡಿದ. ಪದ್ಮಶ್ರೀ ಸುಳ್ಳು ಹೇಳಲಿಲ್ಲ.

"ಎಂಟು, ಮಾವ."

ಅವರು ಗೋಡೆಯ ಮೇಲಿನ ಪೆಟ್ಟಿಗೆಯನ್ನು ನೋಡಿದರು, ಕಂಪ್ಯೂಟರನ್ನು ನೋಡಿದರು. ನಂದಕುಮಾರ್ ಮೆಲ್ಲಗೆ ಮೌಸಿನ ಕಡೆ ಕೈ ಚಾಚಿ, "ಬೇಕಾದ್ರೆ ಬೇರೆ ಹಾಕ್ಲಾ ಅಪ್ಪ?" ಎಂದ.

"ಮುಟ್ಬ್ಯಾಡ, ಬುಡು," ಎಂದರು ಆನಂದಪ್ಪನವರು. "ಮಗು ಅದ್ರಾಗೇ ತಾನೆ ಬಂದದ್ದು."